ಮಳೆಗಾಲದ ಕೀಬೋರ್ಡ್: ಅಂಟುವ ಕೀಗಳನ್ನು ಬಿಚ್ಚಿ, ತೊಳೆದು, ಒಣಗಿಸುವ ಕ್ರಮ

ಜೂನ್ ಹಿಡಿದು ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಬಟ್ಟೆ ಒಣಗುವುದಿಲ್ಲ, ಉಪ್ಪಿನ ಡಬ್ಬಿ ನೀರೊಡೆಯುತ್ತದೆ, ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಕೀಬೋರ್ಡಿನ ಕೀಗಳು ಅಂಟಿಕೊಳ್ಳಲು ಶುರುವಾಗುವುದೂ ಆಗಲೇ. ಬೇಸಿಗೆಯಲ್ಲಿ ಚೆಲ್ಲಿದ ಎರಡು ಹನಿ ಚಹಾ ಒಣಗಿ ಗಟ್ಟಿಯಾಗಿ ಸುಮ್ಮನೆ ಕೂತಿರುತ್ತದೆ. ಅದರ ಸಕ್ಕರೆ ಮಳೆಗಾಲದ ಥಂಡಿ ಹವೆಯಿಂದ ನೀರೆಳೆದುಕೊಂಡು ಮತ್ತೆ ಪಾಕವಾಗುತ್ತದೆ. ‘ನಿನ್ನೆವರೆಗೆ ಚೆನ್ನಾಗಿತ್ತು, ಇವತ್ತು ಏಕಾಏಕಿ ಕೂತುಬಿಟ್ಟಿತು’ ಎನ್ನುವ ಕೀಬೋರ್ಡುಗಳಲ್ಲಿ ಹೆಚ್ಚಿನವಕ್ಕೆ ಇದೇ ಕಾರಣ. ಶಿವಮೊಗ್ಗ ಪೇಟೆಗಿಂತ ತೀರ್ಥಹಳ್ಳಿ, ಹೊಸನಗರದ ಕಡೆ, ಅದರಲ್ಲೂ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ ಕಾಣುವ ಆಗುಂಬೆ ಸುತ್ತ ಈ ಕಾಟ ಜಾಸ್ತಿ.

ಕನ್ನಡ ಟೈಪ್ ಮಾಡುವವರಿಗೆ ತೊಂದರೆ ಬೇಗ ಗೊತ್ತಾಗುತ್ತದೆ. ನುಡಿ ತಂತ್ರಾಂಶದಲ್ಲಿರುವ ಕೆ.ಪಿ. ರಾವ್ ಕೀಬೋರ್ಡ್ ವಿನ್ಯಾಸದಲ್ಲಿ ಒತ್ತಕ್ಷರ ಬೇಕಾದಲ್ಲೆಲ್ಲ ‘ಎಫ್’ ಒತ್ತಬೇಕು. ಹಾಗಾಗಿ ಡಿಟಿಪಿ ಅಂಗಡಿಯ ಕೀಬೋರ್ಡಿನಲ್ಲಿ ಮೊದಲು ಸವೆಯುವ ಕೀಗಳಲ್ಲಿ ಅದೂ ಒಂದು. ‘ಎಫ್’ ಕೈಕೊಟ್ಟರೆ ‘ಕನ್ನಡ’ ಹೋಗಿ ‘ಕನನಡ’ ಆಗುತ್ತದೆ. ಶಿಫ್ಟ್ ಕೆಳಗೇ ಕೂತರೆ ‘ನ’ ಹೊಡೆದಲ್ಲೆಲ್ಲ ‘ಣ’, ‘ಲ’ ಹೊಡೆದಲ್ಲೆಲ್ಲ ‘ಳ’. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸ ಬಳಸುವವರಿಗೆ ಒತ್ತಕ್ಷರದ ಕೆಲಸ ಮಾಡುವುದು ‘ಡಿ’ ಕೀ.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು

ಕೀ ನಿಜವಾಗಿ ಅಂಟಿದೆಯೋ, ವಿಂಡೋಸ್ ಆಟ ಆಡುತ್ತಿದೆಯೋ ನೋಡಿಕೊಳ್ಳಿ. ಶಿಫ್ಟ್ ಕೀಯನ್ನು ಐದು ಸಲ ಒತ್ತಿದರೆ ‘ಸ್ಟಿಕಿ ಕೀಸ್’ ಚಾಲೂ ಮಾಡಲೇ ಎಂದು ವಿಂಡೋಸ್ ಕೇಳುತ್ತದೆ. ಗಮನಿಸದೆ ಹೂಂ ಅಂದುಬಿಟ್ಟರೆ ಶಿಫ್ಟ್ ಒತ್ತಿ ಬಿಟ್ಟ ಮೇಲೂ ಒತ್ತಿದಂತೆಯೇ ಇರುತ್ತದೆ. ಬಲಗಡೆಯ ಶಿಫ್ಟನ್ನು ಎಂಟು ಸೆಕೆಂಡ್ ಒತ್ತಿ ಹಿಡಿದರೆ ಬರುವುದು ‘ಫಿಲ್ಟರ್ ಕೀಸ್’. ಅದು ಚಾಲೂ ಇದ್ದರೆ ಬೇಗ ಬೇಗ ಒತ್ತಿದ ಅಕ್ಷರಗಳು ಬೀಳುವುದೇ ಇಲ್ಲ. ಒತ್ತಿ ಹಿಡಿದು ಕಾದರೆ ಮಾತ್ರ ಬೀಳುತ್ತವೆ. ಎರಡನ್ನೂ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ಆರಿಸಿ. ಅಲ್ಲೇ ಅವುಗಳ ಶಾರ್ಟ್‌ಕಟ್ಟನ್ನೂ ಆರಿಸಿಬಿಟ್ಟರೆ ಮತ್ತೆ ಕಾಡುವುದಿಲ್ಲ.

ಆಮೇಲೆ ವಿಂಡೋಸ್ ಕೀ ಜೊತೆ ‘ಆರ್’ ಒತ್ತಿ, ‘ಓಎಸ್‌ಕೆ’ ಎಂಬ ಮೂರು ಇಂಗ್ಲಿಷ್ ಅಕ್ಷರ ಹೊಡೆದು ಎಂಟರ್ ಕೊಡಿ. ಪರದೆಯ ಮೇಲೆ ಕೀಬೋರ್ಡ್ ಬರುತ್ತದೆ. ನೀವು ಒಂದೊಂದೇ ಕೀ ಒತ್ತಿದ ಹಾಗೆ ಅಲ್ಲಿ ಅದು ಬಣ್ಣ ಬದಲಿಸಬೇಕು. ಹಾಳೆಯ ಮೇಲೆ ಕೀಗಳ ಸಾಲು ಬರೆದುಕೊಂಡು ಕೆಟ್ಟವನ್ನು ಗುರುತು ಹಾಕುತ್ತ ಹೋಗಿ. ಈ ಹಾಳೆ ಕೊನೆಯವರೆಗೂ ಬೇಕಾಗುತ್ತದೆ.

ರೋಗ ಯಾವುದೆಂದು ಈ ಗುರುತುಗಳೇ ಹೇಳುತ್ತವೆ. ಒತ್ತಿದ ಕೀ ಮೇಲೆ ಬರಲು ತಡ ಮಾಡಿದರೆ ಅಥವಾ ಬರದೇ ಇದ್ದರೆ ಕೀಯ ಕಾಲಿನಲ್ಲೋ ರಬ್ಬರಿನಲ್ಲೋ ಅಂಟು ಇದೆ, ತೊಳೆದರೆ ಸಾಕು. ಕೀ ಸರಾಗವಾಗಿ ಮೇಲೆ ಬಂದರೂ ಅಕ್ಷರ ಎರಡೆರಡು ಬಿದ್ದರೆ ಅಥವಾ ಬೀಳದಿದ್ದರೆ ಕೆಟ್ಟಿರುವುದು ಒಳಗಿನ ಸಂಪರ್ಕ. ಒಂದಕ್ಕೊಂದು ದೂರ ಇರುವ ಐದಾರು ಕೀಗಳು ಒಟ್ಟಿಗೇ ಸತ್ತಿದ್ದರೆ ಅದು ಆ ಕೀಗಳ ತಪ್ಪಲ್ಲ. ಕೀಬೋರ್ಡಿನೊಳಗೆ ಪ್ರತಿ ಕೀಗೂ ಬೇರೆ ತಂತಿ ಇರುವುದಿಲ್ಲ. ಅಡ್ಡ ಗೆರೆ, ಉದ್ದ ಗೆರೆಗಳ ಬಲೆ ಇರುತ್ತದೆ. ಒಂದು ಗೆರೆ ತುಂಡಾದರೆ ಅದರ ಮೇಲಿನ ಕೀಗಳೆಲ್ಲ ಒಟ್ಟಿಗೆ ಹೋಗುತ್ತವೆ. ಕೀಕ್ಯಾಪ್, ಅಂದರೆ ಅಕ್ಷರ ಇರುವ ಮೇಲಿನ ಟೋಪಿ, ಕಿತ್ತು ಎಷ್ಟು ತಿಕ್ಕಿದರೂ ಆಗ ಪ್ರಯೋಜನವಿಲ್ಲ. ಬಿಚ್ಚಿ ಒಳಗಿನ ಹಾಳೆಯನ್ನೇ ನೋಡಬೇಕು.

ಈಗಷ್ಟೇ ಚೆಲ್ಲಿದ್ದರೆ

ಒರೆಸಲು ಬಟ್ಟೆ ಹುಡುಕುವುದು ಆಮೇಲೆ. ಮೊದಲು ಯುಎಸ್‌ಬಿ ಕೀಳಿ, ವೈರ್‌ಲೆಸ್ ಆದರೆ ಸೆಲ್ ತೆಗೆಯಿರಿ. ಒದ್ದೆಯ ಜೊತೆ ಕರೆಂಟ್ ಇದ್ದರೆ ಮಾತ್ರ ಒಳಗಿನ ಬೆಳ್ಳಿಯ ಗೆರೆಗಳು ಬೇಗ ಕಪ್ಪಾಗಿ ತಿಂದುಹೋಗುತ್ತವೆ. ಬರೀ ನೀರಿನಿಂದ ಅಷ್ಟು ಬೇಗ ಕೆಡುವುದಿಲ್ಲ. ಲ್ಯಾಪ್‌ಟಾಪ್ ಆದರೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಆರಿಸಿ, ಚಾರ್ಜರ್ ಕಿತ್ತು, ಮುಚ್ಚಳ ಅಗಲಿಸಿ ಗುಡಾರದ ಹಾಗೆ ಬೋರಲು ನಿಲ್ಲಿಸಿ. ಚಹಾ ಮದರ್‌ಬೋರ್ಡ್ ಕಡೆ ಇಳಿಯದೆ ಹೊರಗೆ ತೊಟ್ಟಿಕ್ಕಬೇಕು. ‘ಸರಿಯಾಯ್ತಾ ನೋಡೋಣ’ ಎಂದು ನಡುವೆ ಒಮ್ಮೆ ಆನ್ ಮಾಡುವ ಚಪಲವೇ ಹೆಚ್ಚಿನ ಲ್ಯಾಪ್‌ಟಾಪ್‌ಗಳನ್ನು ಕೊಲ್ಲುವುದು. ಹಾಲು ಹಾಕಿದ ಕಾಫಿ, ಬೆಲ್ಲದ ಕಷಾಯ ಲ್ಯಾಪ್‌ಟಾಪ್ ಒಳಗೆ ಹೋಗಿದ್ದರೆ ಮನೆಯಲ್ಲಿ ಒಣಗಿಸಿ ಕಾಯುವ ಬದಲು ಅದೇ ದಿನ ಬಿಚ್ಚಿಸಿ. ಹೊರಗೆ ಒಣಗಿದಂತೆ ಕಂಡರೂ ಬೋರ್ಡಿನ ಮೇಲೆ ಸಕ್ಕರೆ ಉಳಿದಿರುತ್ತದೆ.

ಬೇಕಾಗುವ ಸಾಮಾನು

ಒಂದನೇ ನಂಬರಿನ ಪ್ಲಸ್ ಸ್ಕ್ರೂಡ್ರೈವರ್, ಹಳೆ ಎಟಿಎಂ ಕಾರ್ಡು, ಮೃದುವಾದ ಟೂತ್‌ಬ್ರಷ್, ಹತ್ತಿಯ ಇಯರ್‌ಬಡ್, ಚಿಮಟ, ಪಾತ್ರೆ ತೊಳೆಯುವ ಲಿಕ್ವಿಡ್ ಸೋಪು, ಹಳೆ ಹತ್ತಿ ಪಂಚೆಯ ತುಂಡು. ದೊಡ್ಡ ಮೆಕ್ಯಾನಿಕಲ್ ಕೀಬೋರ್ಡಿಗೆ ತಂತಿಯ ಕೀಕ್ಯಾಪ್ ಪುಲ್ಲರ್. ಇವುಗಳ ಜೊತೆ ಎರಡು ದ್ರವ: ನೀರು ಮತ್ತು ಸ್ಪಿರಿಟ್.

ಎಲ್ಲರೂ ತಪ್ಪುವುದು ಈ ಎರಡರಲ್ಲೇ. ಮೊಬೈಲ್ ರಿಪೇರಿಯವರು ಐಪಿಎ ಎಂದು ಕರೆಯುವ ಐಸೊಪ್ರೊಪೈಲ್ ಆಲ್ಕೊಹಾಲ್ ಎಲ್ಲದಕ್ಕೂ ಮದ್ದು ಎಂಬ ನಂಬಿಕೆ ಇದೆ. ಅದು ಎಣ್ಣೆ ಜಿಡ್ಡು, ಕೈಬೆವರಿನ ಕೊಳೆ ಬಿಡಿಸುತ್ತದೆ, ಬೇಗ ಆರುತ್ತದೆ. ಆದರೆ ಸಕ್ಕರೆ ಅದರಲ್ಲಿ ಕರಗುವುದಿಲ್ಲ ಎಂದೇ ಇಟ್ಟುಕೊಳ್ಳಿ. ಚಹಾ ಚೆಲ್ಲಿದ ಕೀಬೋರ್ಡಿಗೆ ಅರ್ಧ ಬಾಟಲಿ ಐಪಿಎ ಸುರಿದರೂ ಸಕ್ಕರೆ ಪದರ ಅಲ್ಲೇ ಇರುತ್ತದೆ, ಎರಡು ದಿನ ಸರಿಯಾದಂತೆ ಕಂಡು ಮೂರನೇ ದಿನ ಮತ್ತೆ ಅಂಟುತ್ತದೆ. ಸಕ್ಕರೆ, ಬೆಲ್ಲ, ಹಾಲು, ಎಲೆಅಡಿಕೆಯ ರಸ, ಇವುಗಳಿಗೆಲ್ಲ ಮೊದಲು ಉಗುರುಬೆಚ್ಚಗಿನ ನೀರು. ಸ್ಪಿರಿಟ್ ಬರುವುದು ಆಮೇಲೆ, ಉಳಿದ ನೀರನ್ನೂ ಜಿಡ್ಡನ್ನೂ ಎತ್ತಲು.

ಐಪಿಎ ಕೊಳ್ಳುವುದಾದರೆ 99 ಶೇಕಡದ್ದು ಕೊಳ್ಳಿ. 70 ಶೇಕಡದ್ದರಲ್ಲಿ ಉಳಿದದ್ದು ನೀರು. ಪ್ಲಾಸ್ಟಿಕ್ ಒರೆಸಲು ಅಡ್ಡಿಯಿಲ್ಲ, ಒಳಗಿನ ಸಂಪರ್ಕಕ್ಕೆ ಬೇಡ. ಕೋವಿಡ್ ಕಾಲದಿಂದ ಮನೆಯಲ್ಲಿ ಉಳಿದ ಸ್ಯಾನಿಟೈಸರ್ ಬಳಸಲೇಬೇಡಿ. ಕೈ ಒಣಗದಿರಲಿ ಎಂದು ಅದರಲ್ಲಿ ಗ್ಲಿಸರಿನ್ ಸೇರಿಸಿರುತ್ತಾರೆ. ಸ್ಪಿರಿಟ್ ಆರಿಹೋಗಿ ಗ್ಲಿಸರಿನ್ ಅಂಟು ಹಿಂದೆ ಉಳಿಯುತ್ತದೆ. ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್ ಮಾತ್ರ ಸಿಕ್ಕಿದರೆ ಕನ್ನಡಿಯ ಮೇಲೆ ಎರಡು ಹನಿ ಬಿಟ್ಟು ಹತ್ತು ನಿಮಿಷ ಕಾಯಿರಿ. ಕಲೆ ಉಳಿಯದಿದ್ದರೆ ಬಳಸಬಹುದು, ಎಣ್ಣೆಯಂಥ ಮಸುಕು ಉಳಿದರೆ ಬೇಡ. ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಕೀಕ್ಯಾಪಿನ ಪ್ಲಾಸ್ಟಿಕ್ಕನ್ನೇ ಕರಗಿಸುತ್ತವೆ.

ಸ್ಪಿರಿಟ್ ತಕ್ಷಣ ಬೆಂಕಿ ಹಿಡಿಯುವಂಥದ್ದು. ಒಲೆ, ದೇವರ ದೀಪ, ಊದುಬತ್ತಿ ಇರುವ ಕೋಣೆಯಲ್ಲಿ ಈ ಕೆಲಸ ಬೇಡ. ಕಿಟಕಿ ತೆರೆದಿಡಿ.

ಇನ್ನೊಂದು ಸಾಮಾನು ಮನೆಯಲ್ಲೇ ಇರುತ್ತದೆ: ಇನ್ವರ್ಟರ್ ಬ್ಯಾಟರಿಗೆ ಹಾಕುವ ನೀರು. ಅದು ಲವಣ ತೆಗೆದ ನೀರಾದ್ದರಿಂದ ಕೊನೆಯ ಜಾಲಾಟಕ್ಕೆ ಒಳ್ಳೆಯದು. ಬೋರ್‌ವೆಲ್ ನೀರಿನಲ್ಲಿ ತೊಳೆದರೆ ಒಣಗಿದ ಮೇಲೆ ಬಿಳಿ ಉಪ್ಪಿನ ಕಲೆ ಕೂರುತ್ತದೆ, ಮಳೆಗಾಲದಲ್ಲಿ ಅದೂ ತೇವ ಎಳೆಯುತ್ತದೆ. ಬ್ಯಾಟರಿಯ ಆಸಿಡ್ ಕ್ಯಾನನ್ನು ತಪ್ಪಿ ಎತ್ತಿಕೊಳ್ಳಬೇಡಿ, ಲೇಬಲ್ ಓದಿ.

ಸಾದಾ ಕೀಬೋರ್ಡ್ ಬಿಚ್ಚುವುದು

ಕಚೇರಿ, ಸೈಬರ್ ಸೆಂಟರ್, ಅಡಿಕೆ ಮಂಡಿ, ಎಲ್ಲ ಕಡೆ ಇರುವ ಐನೂರು ರೂಪಾಯಿ ಆಸುಪಾಸಿನ ಕೀಬೋರ್ಡ್ ಮೆಂಬ್ರೇನ್ ಜಾತಿಯದು. ಮೇಲೆ ಕೀಗಳು, ಕೆಳಗೆ ಬಟ್ಟಲು ಬಟ್ಟಲಾದ ರಬ್ಬರ್ ಶೀಟು, ಅದರ ಕೆಳಗೆ ಗೆರೆ ಎಳೆದ ಪ್ಲಾಸ್ಟಿಕ್ ಹಾಳೆ. ಈ ಹಾಳೆ ನಿಜವಾಗಿ ಮೂರು ಪದರ. ಮೇಲಿನದರಲ್ಲೂ ಕೆಳಗಿನದರಲ್ಲೂ ಗೆರೆ ಇರುತ್ತದೆ, ನಡುವಿನದರಲ್ಲಿ ಬರೀ ತೂತು. ಕೀ ಒತ್ತಿದಾಗ ರಬ್ಬರ್ ಬಟ್ಟಲು ಕುಸಿದು ಮೇಲಿನ ಹಾಳೆಯನ್ನು ತೂತಿನ ಮೂಲಕ ಕೆಳಗಿನದಕ್ಕೆ ತಾಗಿಸುತ್ತದೆ. ಆ ತೂತಿನೊಳಗೆ ಒಂದು ಹನಿ ಸೇರಿಕೊಂಡರೂ ಕೀ ಒತ್ತಿದ್ದೇ ಇದ್ದಂತೆ ಕಂಪ್ಯೂಟರಿಗೆ ಕಾಣುತ್ತದೆ.

ಯುಎಸ್‌ಬಿ ಕಿತ್ತು, ಕೀಗಳು ಇರುವ ಹಾಗೆಯೇ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಬೋರಲು ಹಾಕಿ ಸ್ಕ್ರೂ ಬಿಚ್ಚಿ. ಸಾಮಾನ್ಯವಾಗಿ ಎಂಟರಿಂದ ಇಪ್ಪತ್ತರವರೆಗೆ ಇರುತ್ತವೆ. ಎಲ್ಲ ಬಿಚ್ಚಿದರೂ ಎರಡು ಭಾಗ ಬೇರೆಯಾಗದಿದ್ದರೆ ಎಳೆದಾಡಬೇಡಿ, ಎಲ್ಲೋ ಒಂದು ಸ್ಕ್ರೂ ಅಡಗಿದೆ. ಹಿಂಬದಿಯ ಲೇಬಲ್ ಮೇಲೆ ಬೆರಳಾಡಿಸಿದರೆ ತಗ್ಗು ಸಿಗುತ್ತದೆ, ಸ್ಕ್ರೂ ಅಲ್ಲಿರುತ್ತದೆ. ಕಾಲುಗಳ ರಬ್ಬರಿನ ಅಡಿಯಲ್ಲೂ ನೋಡಿ. ಆಮೇಲೆ ಅಂಚಿನ ಸಂದಿಗೆ ಎಟಿಎಂ ಕಾರ್ಡು ತೂರಿಸಿ ಸುತ್ತಲೂ ಜಾರಿಸುತ್ತ ಹೋದರೆ ಕೊಂಡಿಗಳು ಟಕ್ ಟಕ್ ಎಂದು ಬಿಡುತ್ತವೆ. ಕೀಗಳು ಕೆಳಮುಖವಾಗಿಯೇ ಇರಲಿ, ಹಿಂದಿನ ಹೊದಿಕೆಯನ್ನು ಮೇಲಕ್ಕೆ ಎತ್ತಿ. ಕೆಲವು ಕೀಬೋರ್ಡಿನಲ್ಲಿ ರಬ್ಬರ್ ಒಂದೇ ಶೀಟ್ ಆಗಿರದೆ ನೂರು ಚಿಲ್ಲರೆ ಬಿಡಿ ಬಟ್ಟಲಾಗಿರುತ್ತದೆ. ತಿರುವಿ ಹಾಕಿ ತೆಗೆದಿರೋ, ನೆಲವೆಲ್ಲ ಹುಡುಕಬೇಕಾಗುತ್ತದೆ.

ಒಂದು ಮೂಲೆಯಲ್ಲಿ ದೀಪಗಳಿರುವ ಪುಟ್ಟ ಸರ್ಕಿಟ್ ಬೋರ್ಡು ಕಾಣುತ್ತದೆ. ಮೆಂಬ್ರೇನ್ ಹಾಳೆಯ ಬಾಲದ ಕಪ್ಪು ಗೆರೆಗಳು ಆ ಬೋರ್ಡಿನ ಕಪ್ಪು ಪಟ್ಟಿಗಳ ಮೇಲೆ ಕೂತಿರುತ್ತವೆ. ಎರಡು ಮೂರು ಸ್ಕ್ರೂಗಳ ಒತ್ತಡವೇ ಅವನ್ನು ಹಿಡಿದಿಡುವುದು, ಬೆಸುಗೆ ಇರುವುದಿಲ್ಲ. ಕೀಗಳು ಗುಂಪಾಗಿ ಸತ್ತಿದ್ದರೆ ಮೊದಲು ನೋಡಬೇಕಾದ್ದು ಇಲ್ಲೇ. ಸ್ಕ್ರೂ ಸಡಿಲವಾಗಿರಬಹುದು ಅಥವಾ ಪಟ್ಟಿಗಳ ಮೇಲೆ ತೇವದ ಮಂಕು ಕೂತಿರಬಹುದು. ಇಯರ್‌ಬಡ್ಡಿಗೆ ಐಪಿಎ ಅದ್ದಿ, ಹಿಂಡಿ, ಒಂದೇ ದಿಕ್ಕಿಗೆ ಮೆಲ್ಲಗೆ ಒರೆಸಿ. ತಿಕ್ಕಿದರೆ ಕಪ್ಪು ಕಾರ್ಬನ್ ಎದ್ದು ಹತ್ತಿಗೆ ಬರುತ್ತದೆ, ಹಾಗಾದರೆ ಕೆಲಸ ಕೆಟ್ಟಿತು.

ತೊಳೆಯುವಾಗ ಪ್ರತಿ ಭಾಗಕ್ಕೂ ಬೇರೆ ಲೆಕ್ಕ. ಕೀಗಳಿರುವ ಮೇಲಿನ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಎಲೆಕ್ಟ್ರಾನಿಕ್ಸ್ ಏನೂ ಇಲ್ಲ. ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರು, ಲೀಟರಿಗೆ ನಾಲ್ಕೈದು ಹನಿ ಸೋಪು ಹಾಕಿ, ಇಪ್ಪತ್ತು ನಿಮಿಷ ಮುಳುಗಿಸಿಟ್ಟು, ನೀರಿನೊಳಗೇ ಒಂದೊಂದು ಕೀಯನ್ನೂ ಹತ್ತಾರು ಸಲ ಒತ್ತಿ. ಬಚ್ಚಲ ಹಂಡೆಯ ಕುದಿನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಕೈಗೆ ಹಿತವಾದಷ್ಟು ಬಿಸಿ ಸಾಕು. ಇಷ್ಟಾದರೂ ಕೂರುವ ಕೀಯನ್ನು ಮಾತ್ರ ಕಿತ್ತು ಅದರ ಕಾಲನ್ನೂ ಕಾಲು ಇಳಿಯುವ ಕೊಳವೆಯನ್ನೂ ಬ್ರಷ್ಷಿನಿಂದ ಉಜ್ಜಿ. ಎಲ್ಲ ಕೀಗಳನ್ನೂ ಕೀಳಲೇಬೇಕೆಂದಿಲ್ಲ. ಸ್ಪೇಸ್, ಎಂಟರ್, ಶಿಫ್ಟ್ ಕೀಗಳ ಅಡಿ ತಂತಿಯ ಕಂಬಿ ಇರುತ್ತದೆ, ಅವನ್ನು ಸುಮ್ಮನೆ ಮೇಲೆಳೆದರೆ ಕೊಕ್ಕೆ ಮುರಿಯುತ್ತದೆ. ಒಂದು ಬದಿ ಎತ್ತಿ, ಕಂಬಿಯನ್ನು ಕೊಕ್ಕೆಯಿಂದ ಜಾರಿಸಿ ತೆಗೆಯಿರಿ.

ರಬ್ಬರ್ ಶೀಟನ್ನು ಅದೇ ಸೋಪು ನೀರಿನಲ್ಲಿ ಅಲ್ಲಾಡಿಸಿ ಜಾಲಿಸಿದರೆ ಆಯಿತು. ಅದನ್ನು ಹಿಂಡಬೇಡಿ, ಬಟ್ಟಲ ಬುಡ ಸೀಳುತ್ತದೆ. ಬೆಳಕಿಗೆ ಹಿಡಿದು ಸೀಳಿದ ಬಟ್ಟಲು ಇದೆಯೇ ನೋಡಿ. ಸೀಳಿದ್ದರೆ ಕೀ ಎಷ್ಟು ಶುದ್ಧವಾಗಿದ್ದರೂ ಮೇಲೆ ಬರುವುದಿಲ್ಲ.

ಮೆಂಬ್ರೇನ್ ಹಾಳೆಯನ್ನು ಬಕೆಟ್ಟಿಗೆ ಹಾಕಬೇಡಿ. ಪದರಗಳ ನಡುವೆ ನೀರು ಹೊಕ್ಕರೆ ಅಂಚಿನಲ್ಲಿ ಅಂಟಿಸಿರುವುದರಿಂದ ಆರಲು ದಾರಿಯೇ ಇಲ್ಲ. ಬ್ಯಾಟರಿ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಎರಡೂ ಬದಿ ಒರೆಸಿ, ಮೇಲೆ ಐಪಿಎ ಬಟ್ಟೆ ಆಡಿಸಿ. ಚಹಾ ಪದರಗಳ ನಡುವೆಯೇ ಇಳಿದಿದ್ದರೆ (ಕಂದು ಕಲೆ ಹೊರಗಿನಿಂದಲೇ ಕಾಣುತ್ತದೆ) ಅಂಟಿಲ್ಲದ ಬದಿಯಿಂದ ಮೆಲ್ಲಗೆ ಬಿಡಿಸಿ ಅಷ್ಟು ಜಾಗವನ್ನು ಮಾತ್ರ ನೀರಿನ ಇಯರ್‌ಬಡ್, ಆಮೇಲೆ ಐಪಿಎ ಇಯರ್‌ಬಡ್ ಹಾಕಿ ಒರೆಸಿ. ನಡುವಿನ ಪದರ ಅರ್ಧ ಮಿಲಿಮೀಟರ್ ಸರಿದು ಕೂತರೂ ತೂತುಗಳು ತಪ್ಪುತ್ತವೆ. ಮುಚ್ಚುವಾಗ ಮೂಲೆಯ ಗುರುತಿನ ತೂತುಗಳನ್ನು ಪ್ಲಾಸ್ಟಿಕ್ ಗೂಟಗಳಿಗೆ ಸರಿಯಾಗಿ ಕೂರಿಸಿ.

ಬೆಳ್ಳಿ ಬಣ್ಣದ ಗೆರೆ ಒಂದು ಕಡೆ ಕಪ್ಪಾಗಿ ತುಂಡಾಗಿದ್ದರೆ ಮಲ್ಟಿಮೀಟರಿನ ಬೀಪ್ ಇಟ್ಟು ತುಂಡಾದ ಜಾಗ ಖಚಿತ ಮಾಡಿಕೊಳ್ಳಿ. ಅಲ್ಲಿಗೆ ಸಿಲ್ವರ್ ಕಂಡಕ್ಟಿವ್ ಪೇಂಟನ್ನು ಸೂಜಿಮೊನೆಯಲ್ಲಿ ತೆಳ್ಳಗೆ ಎಳೆದು, ಆರಿದ ಮೇಲೆ ಇನ್ನೊಂದು ಗೆರೆ ಎಳೆದು, 24 ಗಂಟೆ ಬಿಡಿ. ಪಕ್ಕದ ಗೆರೆಗೆ ತಾಗಬಾರದು. ಬೆಸುಗೆ ಕಾಯಿಸಿ ಹಿಡಿದರೆ ಹಾಳೆ ಸುಟ್ಟೇ ಹೋಗುತ್ತದೆ. ಪೆನ್ಸಿಲ್ ಗೀಚುವ ಉಪಾಯ ಒಂದು ವಾರದ ಮಾತು, ಹಾಳೆ ಬಾಗಿದರೆ ಗೆರೆ ಉದುರುತ್ತದೆ.

ಒಣಗಿಸುವುದು

ಬಯಲುಸೀಮೆಯವರು ಬಿಸಿಲಿಗೆ ಇಟ್ಟು ಸಂಜೆ ಜೋಡಿಸುತ್ತಾರೆ. ಇಲ್ಲಿ ಜುಲೈನಲ್ಲಿ ಬಿಸಿಲು ಎಲ್ಲಿಂದ ತರುವುದು? ಹಾಗೆಂದು ಬಚ್ಚಲೊಲೆಯ ಹತ್ತಿರವೋ, ಅಡಿಕೆ ಒಣಗಿಸುವ ಅಟ್ಟದ ಮೇಲೋ ಇಡುವುದು ದೊಡ್ಡ ತಪ್ಪು. ಶಾಖಕ್ಕೆ ಮೆಂಬ್ರೇನ್ ಹಾಳೆ ಅಲೆಅಲೆಯಾಗುತ್ತದೆ, ಹೊಗೆಯ ಜಿಡ್ಡು ಬೇರೆ ಕೂರುತ್ತದೆ. ಹೇರ್ ಡ್ರೈಯರನ್ನು ಬಿಸಿ ಗಾಳಿಗೆ ಇಟ್ಟರೂ ಅದೇ ಕತೆ. ಅಕ್ಕಿ ಡಬ್ಬಿಯಲ್ಲಿ ಹೂತಿಡುವುದರಿಂದ ಸಿಗುವುದು ಕೀ ಸಂದಿಗೆ ಅಕ್ಕಿ ಹುಡಿ ಅಷ್ಟೇ.

ಗಾಳಿ ಆಡಬೇಕು, ಬಿಸಿ ಬೇಡ. ಮೊದಲು ಭಾಗಗಳನ್ನು ಜಾಡಿಸಿ, ಬಟ್ಟೆಯಿಂದ ಒತ್ತಿ, ಟೇಬಲ್ ಫ್ಯಾನಿನ ಮುಂದೆ ಓರೆಯಾಗಿ ನಿಲ್ಲಿಸಿ. ಬೇಸಿಗೆಯಲ್ಲಿ 24 ಗಂಟೆ ಸಾಕು. ಮಳೆಗಾಲದಲ್ಲಿ ಕನಿಷ್ಠ 48, ಮಳೆ ಹಿಡಿದು ಕೂತ ವಾರದಲ್ಲಿ 72 ಗಂಟೆ ಲೆಕ್ಕ ಹಾಕಿ. ಫ್ಯಾನಿನ ಗಾಳಿಯೇ ಒದ್ದೆಯಾಗಿರುವ ದಿನಗಳಲ್ಲಿ ಮೆಂಬ್ರೇನ್ ಹಾಳೆ ಮತ್ತು ಸರ್ಕಿಟ್ ಬೋರ್ಡನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ 200 ಗ್ರಾಂ ಸಿಲಿಕಾ ಜೆಲ್ ಜೊತೆ ಒಂದು ರಾತ್ರಿ ಇಡುವುದು ಉತ್ತಮ. ಅಲ್ಲಿಯ ಹವೆ ನಿಜವಾಗಿ ಒಣಗಿರುತ್ತದೆ. ನೀಲಿ ಹರಳು ಗುಲಾಬಿಯಾದರೆ ತೇವ ತುಂಬಿದೆ ಎಂದರ್ಥ. ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದರೆ ಮತ್ತೆ ನೀಲಿಯಾಗುತ್ತದೆ. ನೀಲಿ ಬಣ್ಣಕ್ಕೆ ಹಾಕಿರುವ ಕೋಬಾಲ್ಟ್ ವಿಷಕಾರಿ, ಆದ್ದರಿಂದ ಬಾಣಲೆಯನ್ನು ಮತ್ತೆ ಅಡುಗೆಮನೆಗೆ ತರಬೇಡಿ.

ಒಣಗಿತೋ ಇಲ್ಲವೋ ಅನುಮಾನ ಇದ್ದರೆ ದೊಡ್ಡ ಕೀಗಳ ಅಡಿಯ ಕೊಳವೆಗೆ ಟಿಶ್ಯೂ ಕಾಗದ ಸುರುಳಿ ಮಾಡಿ ತೂರಿಸಿ ನೋಡಿ. ಎಲ್ಲ ಕಡೆ ಒಣಗಿದ ಮೇಲೂ ಕೊನೆಗೆ ನೀರು ನಿಲ್ಲುವುದು ಅಲ್ಲಿ.

ಜೋಡಿಸುವಾಗ ಸ್ಕ್ರೂವನ್ನು ಮೊದಲು ಹಿಂದಕ್ಕೆ ತಿರುವಿ. ಪ್ಲಾಸ್ಟಿಕ್ಕಿನಲ್ಲಿ ಸ್ಕ್ರೂ ಕೊರೆದ ಸುರುಳಿ ಗೆರೆಗೆ, ಅಂದರೆ ಹಳೆಯ ಮರೆಗೆ, ಬಿದ್ದಾಗ ಸಣ್ಣಗೆ ‘ಟಿಕ್’ ಅನ್ನುತ್ತದೆ, ಆಗ ಮುಂದಕ್ಕೆ ತಿರುವಿ. ನೇರವಾಗಿ ಬಿಗಿದರೆ ಪ್ಲಾಸ್ಟಿಕ್ಕಿನಲ್ಲಿ ಹೊಸ ಮರೆ ಕೊರೆದು ಎರಡನೇ ಸಲಕ್ಕೆ ಸ್ಕ್ರೂ ನಿಲ್ಲುವುದಿಲ್ಲ. ಕೀಯ ಕಾಲಿಗೆ ಹೊಲಿಗೆ ಯಂತ್ರದ ಎಣ್ಣೆ, ತೆಂಗಿನೆಣ್ಣೆ ಬಿಡುವವರಿದ್ದಾರೆ. ಎಣ್ಣೆ ರಬ್ಬರಿಗೆ ಇಳಿದು ಅದನ್ನು ಉಬ್ಬಿಸುತ್ತದೆ, ಧೂಳನ್ನೂ ಹಿಡಿಯುತ್ತದೆ. ಸ್ಪೇಸ್ ಬಾರಿನ ಕಂಬಿ ಕಿರುಗುಟ್ಟಿದರೆ ಮಾತ್ರ ಸಿಲಿಕೋನ್ ಗ್ರೀಸನ್ನು ಹಲ್ಲುಕಡ್ಡಿಯ ತುದಿಯಷ್ಟು ಹಚ್ಚಿ.

ಮತ್ತೆ ಯುಎಸ್‌ಬಿ ಸಿಕ್ಕಿಸಿ ಮೊದಲಿನ ಹಾಳೆ ಹಿಡಿದು ಪ್ರತಿ ಕೀಯನ್ನೂ ಪರೀಕ್ಷಿಸಿ. ಸ್ಪೇಸ್, ಶಿಫ್ಟ್, ಎಂಟರ್ ಕೀಗಳನ್ನು ಮಧ್ಯಭಾಗದಲ್ಲಿ ಮಾತ್ರವಲ್ಲ, ಎರಡೂ ತುದಿಗಳಲ್ಲಿ ಒತ್ತಿ ನೋಡಬೇಕು.

ಲ್ಯಾಪ್‌ಟಾಪ್

ಇಲ್ಲಿ ಕೈ ಹಗುರ ಇರಬೇಕು. ಕೀಯ ಅಡಿ ಕತ್ತರಿಯಂತೆ ಹೆಣೆದ ಎರಡು ಪ್ಲಾಸ್ಟಿಕ್ ತುಂಡು, ನಡುವೆ ಪುಟ್ಟ ರಬ್ಬರ್ ಬಟ್ಟಲು. ಕತ್ತರಿಯ ಕಿವಿ ಕೂದಲೆಳೆಯಷ್ಟು ತೆಳು. ಮೊದಲು ಲ್ಯಾಪ್‌ಟಾಪ್ ಆರಿಸಿ ಓರೆಯಾಗಿ ಹಿಡಿದು, ಕ್ಯಾಮೆರಾ ಲೆನ್ಸಿಗೆ ಬಳಸುವ ರಬ್ಬರ್ ಬ್ಲೋವರಿನಿಂದ ಅಂಟುವ ಕೀಯ ನಾಲ್ಕೂ ಬದಿಗೆ ಗಾಳಿ ಹೊಡೆಯಿರಿ. ಅಡಿಕೆ ಸುಲಿಯುವ ಕಾಲದಲ್ಲಿ ಸಿಪ್ಪೆಯ ನಾರು, ಹುಡಿ ಸಿಕ್ಕಿಕೊಂಡಿರುವುದೇ ಹೆಚ್ಚು, ಅದು ಇಷ್ಟಕ್ಕೇ ಹೊರಬರುತ್ತದೆ. ಬಾಯಲ್ಲಿ ಊದಿದರೆ ಎಂಜಲಿನ ತೇವ ಒಳಗೆ ಹೋಗುತ್ತದೆ. ಪಂಕ್ಚರ್ ಅಂಗಡಿಯ ಗಾಳಿಗಂತೂ ಹಿಡಿಯಲೇಬೇಡಿ, ಆ ಟ್ಯಾಂಕಿನಲ್ಲಿ ನೀರೂ ಎಣ್ಣೆಯೂ ಸೇರಿರುತ್ತವೆ, ಒತ್ತಡಕ್ಕೆ ಕೀಗಳೇ ಹಾರುತ್ತವೆ.

ಗಾಳಿಗೆ ಬಗ್ಗದಿದ್ದರೆ ಇಯರ್‌ಬಡ್ಡನ್ನು ಬ್ಯಾಟರಿ ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಕೀಯ ಅಂಚಿನ ಸುತ್ತ ಆಡಿಸಿ, ಕೀಯನ್ನು ಇಪ್ಪತ್ತು ಸಲ ಒತ್ತಿ. ಅದರ ಹಿಂದೆಯೇ ಐಪಿಎ ಇಯರ್‌ಬಡ್. ಹನಿ ಬೀಳುವಷ್ಟು ಒದ್ದೆ ಎಂದೂ ಇರಬಾರದು. ಕೀಕ್ಯಾಪ್ ಕೀಳುವುದು ಕೊನೆಯ ದಾರಿ. ಒಂದು ಮೂಲೆಗೆ ಉಗುರು ಕೊಟ್ಟು ಮೆಲ್ಲಗೆ ಎತ್ತಿ. ಕೊಂಡಿ ಯಾವ ಬದಿಗಿದೆ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ, ಬಲ ಹಾಕದೆ ಬರುವ ಮೂಲೆಯನ್ನು ಹುಡುಕಬೇಕು. ಹಾಗಾಗಿ ಹೆಚ್ಚು ಬಳಸದ ಕೀಯಲ್ಲಿ ಮೊದಲು ಕೈ ಪಳಗಿಸಿಕೊಳ್ಳಿ. ಕತ್ತರಿಯ ಕಿವಿ ಮುರಿದರೆ ಆ ಬಿಡಿಭಾಗ ಶಿವಮೊಗ್ಗದಲ್ಲಿ ಬಿಡಿಯಾಗಿ ಸಿಗುವುದು ಕಷ್ಟ, ಅದೇ ಮಾದರಿಯ ಹಳೆ ಕೀಬೋರ್ಡಿನಿಂದ ತೆಗೆಯಬೇಕು.

ಒಳಗೆ ಸಕ್ಕರೆ ಇಳಿದ ಲ್ಯಾಪ್‌ಟಾಪ್ ಕೀಬೋರ್ಡನ್ನು ತೊಳೆದು ಉಳಿಸುವ ಪ್ರಯತ್ನಕ್ಕಿಂತ ಬದಲಿಸುವುದು ಸರಿ. ಕೆಲವು ಮಾದರಿಯಲ್ಲಿ ಅದು ನಾಲ್ಕಾರು ಸ್ಕ್ರೂಗಳಲ್ಲಿ ನಿಂತಿರುತ್ತದೆ, ರಿಬ್ಬನ್ ಕೇಬಲ್ಲಿನ ಪುಟ್ಟ ಬೀಗವನ್ನು ಎತ್ತಿ ಕೇಬಲ್ ಜಾರಿಸಿದರೆ ಬಂತು. ಬೀಗ ಎತ್ತದೆ ಕೇಬಲ್ ಎಳೆದರೆ ಮದರ್‌ಬೋರ್ಡಿನ ಸಾಕೆಟ್ಟೇ ಕಿತ್ತುಬರುತ್ತದೆ. ತೆಳ್ಳಗಿನ ಮಾದರಿಗಳಲ್ಲಿ ಕೀಬೋರ್ಡನ್ನು ಹತ್ತಾರು ಪ್ಲಾಸ್ಟಿಕ್ ಗುಬಟುಗಳನ್ನು ಕರಗಿಸಿ ಕೂರಿಸಿರುತ್ತಾರೆ. ಅವನ್ನು ಒಡೆದು ತೆಗೆದ ಮೇಲೆ ಹೊಸದನ್ನು ಗಟ್ಟಿಯಾಗಿ ಕೂರಿಸುವುದು ಮನೆಯ ಕೆಲಸವಲ್ಲ.

ಮೆಕ್ಯಾನಿಕಲ್

ಇದರ ಪ್ರತಿ ಕೀಗೂ ಸ್ವಂತ ಸ್ವಿಚ್ ಇರುವುದರಿಂದ ರೋಗ ಸಾಮಾನ್ಯವಾಗಿ ಒಂದೇ ಕೀಗೆ ಸೀಮಿತ. ಪುಲ್ಲರಿನ ತಂತಿಯನ್ನು ಕ್ಯಾಪಿನ ಎರಡು ಬದಿಗೆ ಸಿಕ್ಕಿಸಿ ನೇರ ಮೇಲೆ ಎಳೆಯಿರಿ, ಓರೆ ಎಳೆದರೆ ಕಾಲು ಮುರಿಯುತ್ತದೆ. ಕ್ಯಾಪುಗಳನ್ನು ಜಾಲರಿ ಚೀಲದಲ್ಲಿ ಕಟ್ಟಿ ಸೋಪು ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಅಕ್ಷರ ಎರಡೆರಡು ಬೀಳುತ್ತಿದ್ದರೆ ಸ್ವಿಚ್ಚಿನ ಕಾಲನ್ನು ಒತ್ತಿ ಹಿಡಿದು ಸಂದಿಗೆ 99 ಶೇಕಡದ ಐಪಿಎ ಎರಡು ಮೂರು ಹನಿ ಬಿಟ್ಟು, ಐವತ್ತು ಅರವತ್ತು ಸಲ ಒತ್ತಿ, ಅರ್ಧ ದಿನ ಒಣಗಲು ಬಿಡಿ. ಹಾಟ್‌ಸ್ವಾಪ್, ಅಂದರೆ ಬೆಸುಗೆಯಿಲ್ಲದೆ ಸ್ವಿಚ್ ಬದಲಿಸಬಹುದಾದ ಜಾತಿ, ಆಗಿದ್ದರೆ ಸ್ವಿಚ್ಚನ್ನೇ ಕಿತ್ತು ಹೊಸದು ಹಾಕುವುದು ಹತ್ತು ನಿಮಿಷದ ಕೆಲಸ. ಪಿನ್ನುಗಳು ನೇರವಿವೆಯೇ ನೋಡಿ ಒತ್ತಿ. ಒಂದು ಪಿನ್ ಮಡಚಿಕೊಂಡರೆ ಸ್ವಿಚ್ ಕೂತಂತೆ ಕಂಡರೂ ಅಕ್ಷರ ಬೀಳುವುದಿಲ್ಲ.

ಇರುವೆ, ಬೂಷ್ಟು, ಸ್ಟಿಕರ್

ಮಳೆ ಶುರುವಾದ ಮೇಲೆ ಇರುವೆಗಳು ಒಣ ಜಾಗ ಹುಡುಕಿಕೊಂಡು ಮನೆಯೊಳಗೆ ಬರುತ್ತವೆ. ಕೀಬೋರ್ಡಿನ ಒಳಗೆ ಬಿದ್ದ ಬಿಸ್ಕತ್ ಪುಡಿ, ಚಕ್ಕುಲಿ ಚೂರು ಅವಕ್ಕೆ ಸಾಕು, ರಬ್ಬರ್ ಬಟ್ಟಲುಗಳ ನಡುವೆ ಗೂಡೇ ಕಟ್ಟುತ್ತವೆ. ಸ್ಪ್ರೇ ಹೊಡೆದರೆ ಅದರ ಎಣ್ಣೆ ಕೀಯನ್ನು ಇನ್ನಷ್ಟು ಅಂಟಿಸುತ್ತದೆ. ಇರುವೆ ಸೀಮೆಸುಣ್ಣದ ಪುಡಿ ವಿಷ, ದಿನವಿಡೀ ಬೆರಳಾಡಿಸುವ ಜಾಗದಲ್ಲಿ ಅದು ಬೇಡ. ಬಿಚ್ಚಿ, ಹೊರಗೆ ಒಯ್ದು ಕೊಡವಿ, ತೊಳೆದು, ಮೇಜಿನ ಕಾಲಿನ ಹತ್ತಿರ ಅವುಗಳ ಸಾಲನ್ನು ಸೋಪು ನೀರಿನಿಂದ ಒರೆಸಿದರೆ ದಾರಿಯ ವಾಸನೆ ಅಳಿಯುತ್ತದೆ.

ತಿಂಗಳುಗಟ್ಟಲೆ ಬಳಸದೆ ಇಟ್ಟ ಕೀಬೋರ್ಡಿಗೆ ಬೂಷ್ಟು ಹಿಡಿದಿದ್ದರೆ ಹೊರಗೆ ಗಾಳಿಯಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಸ್ಪಿರಿಟ್ ಬಟ್ಟೆಯಿಂದ ಒರೆಸಿ. ಒಣ ಬ್ರಷ್ ಹಾಕಿದರೆ ಪುಡಿ ಎದ್ದು ಎಲ್ಲ ಕಡೆ ಹರಡುತ್ತದೆ. ಮುಚ್ಚಲು ಪ್ಲಾಸ್ಟಿಕ್ ಹೊದಿಕೆಗಿಂತ ಹತ್ತಿ ಬಟ್ಟೆ ಮೇಲು, ಒಳಗೆ ತೇವ ಕಟ್ಟುವುದಿಲ್ಲ. ಕೀಗಳ ಮೇಲೇ ಕೂರುವ ಸಿಲಿಕೋನ್ ಕವರ್ ಇದ್ದರೆ ಕೆಲಸ ಮುಗಿದ ಮೇಲೆ ತೆಗೆದು, ಬೋರ್ಡನ್ನು ಗೋಡೆಗೆ ಒರಗಿಸಿ ನಿಲ್ಲಿಸಿ. ವೈರ್‌ಲೆಸ್ ಕೀಬೋರ್ಡಿನ ಸೆಲ್ ಗೂಡಿನಲ್ಲಿ ಬಿಳಿ ಹುಡಿ ಕಂಡರೆ ಅದು ಆಲ್ಕಲೈನ್ ಸೆಲ್ ಸೋರಿದ ಕ್ಷಾರ. ಇಯರ್‌ಬಡ್ಡಿನಲ್ಲಿ ಒಂದು ಹನಿ ನಿಂಬೆರಸ ಅಥವಾ ವಿನೆಗರ್ ಹಚ್ಚಿ, ನೀರಿನಲ್ಲಿ ಒರೆಸಿ, ಐಪಿಎಯಲ್ಲಿ ಮುಗಿಸಿ.

ಕನ್ನಡ ಅಕ್ಷರದ ಸ್ಟಿಕರ್ ಅಂಟಿಸಿದ ಕೀಬೋರ್ಡಿಗೆ ಇನ್ನೊಂದು ತೊಂದರೆಯಿದೆ. ಥಂಡಿಗೆ ಸ್ಟಿಕರಿನ ಅಂಚು ಎದ್ದು ಗೋಂದು ಕೀಯ ಪಕ್ಕಕ್ಕೆ ಇಳಿಯುತ್ತದೆ, ಎರಡು ಕೀಗಳು ಒಂದಕ್ಕೊಂದು ಅಂಟಿ ಒಂದನ್ನು ಒತ್ತಿದರೆ ಇನ್ನೊಂದೂ ಬಗ್ಗುತ್ತದೆ. ಒಳಗೆ ಏನೂ ಕೆಟ್ಟಿರುವುದಿಲ್ಲ. ಸ್ಟಿಕರ್ ಕಿತ್ತು, ಆ ಕ್ಯಾಪುಗಳನ್ನು ಬಿಡಿಸಿಕೊಂಡು, ತೆಂಗಿನೆಣ್ಣೆ ಹಚ್ಚಿ ಹದಿನೈದು ನಿಮಿಷ ಬಿಟ್ಟರೆ ಗೋಂದು ಮೆತ್ತಗಾಗುತ್ತದೆ. ಬಟ್ಟೆಯಿಂದ ಉಜ್ಜಿ, ಎಣ್ಣೆ ಪೂರ್ತಿ ಹೋಗುವಂತೆ ಸೋಪಿನಲ್ಲಿ ತೊಳೆದು ಒಣಗಿಸಿ ಮರಳಿ ಕೂರಿಸಿ. ಹೊಸ ಸ್ಟಿಕರ್ ಅಂಟಿಸುವ ಮೊದಲು ಕ್ಯಾಪನ್ನು ಐಪಿಎಯಲ್ಲಿ ಒರೆಸಿ, ಅಂಚಿಗಿಂತ ಒಂದು ಮಿಲಿಮೀಟರ್ ಒಳಗೆ ಕೂರುವ ಅಳತೆಯದನ್ನೇ ಆರಿಸಿ.

ಬಿಡಬೇಕಾದದ್ದು

ಒಣಗಿಸಿ ಜೋಡಿಸಿದ ಮೇಲೂ ಕಂಪ್ಯೂಟರ್ ಕೀಬೋರ್ಡನ್ನೇ ಗುರುತಿಸದಿದ್ದರೆ, ಬೇರೆ ಯುಎಸ್‌ಬಿ ಪೋರ್ಟಿನಲ್ಲೂ ಅದೇ ಆದರೆ, ಕೇಬಲ್ ಬುಡದಲ್ಲಿ ತುಂಡಾಗಿದೆ ಅಥವಾ ಚಿಪ್ ಹೋಗಿದೆ. ಕೇಬಲ್ ಆದರೆ ನಾಲ್ಕು ತಂತಿಯನ್ನು ಬಣ್ಣಕ್ಕೆ ಬಣ್ಣ ಸೇರಿಸಿ ಬೆಸೆಯಬಹುದು. ಚಿಪ್ ಆದರೆ ಸಾದಾ ಕೀಬೋರ್ಡಿಗೆ ಖರ್ಚು ಮಾಡಬೇಡಿ. ಬೆಳ್ಳಿ ಗೆರೆ ಮೂರು ನಾಲ್ಕು ಕಡೆ ತಿಂದುಹೋಗಿದ್ದರೂ ಅಷ್ಟೇ, ಒಂದು ಕಡೆ ಪೇಂಟ್ ಹಚ್ಚಿದರೆ ಮುಂದಿನ ತಿಂಗಳು ಇನ್ನೊಂದು ಕಡೆ ತುಂಡಾಗುತ್ತದೆ.

ಸತ್ತ ಕೀಬೋರ್ಡನ್ನು ಗುಜರಿಗೆ ಹಾಕುವ ಮೊದಲು ಅದರ ರಬ್ಬರ್ ಶೀಟು, ಕಂಬಿಗಳು, ಸ್ಕ್ರೂಗಳು, ‘ಎಫ್’ ಮತ್ತು ಶಿಫ್ಟ್ ಕೀಕ್ಯಾಪ್ ಇವಿಷ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮಾದರಿಯ ಹೆಸರು ಬರೆದಿಡಿ. ಸೀಳಿದ ಬಟ್ಟಲಿನ ಜಾಗಕ್ಕೆ ಹಳೆ ಶೀಟಿನಿಂದ ಒಂದು ಬಟ್ಟಲನ್ನು ಅಂಚುಸಹಿತ ಕತ್ತರಿಸಿ ಕೂರಿಸಿದರೆ ಆ ಕೀ ಮತ್ತೆ ಏಳುತ್ತದೆ. ಆದರೆ ಎರಡೂ ಬಟ್ಟಲ ಎತ್ತರ ಒಂದೇ ಇರಬೇಕು. ಸ್ಕೇಲ್ ಹಿಡಿದು ಅಳೆದುಕೊಂಡೇ ಕತ್ತರಿಸಿ.